ಅಪಾಯಕರ ವಸ್ತುಗಳ ಹಿಂಪಡೆತ: ಪ್ರಕಟಣೆಯಿಂದ ಮನೆಯವರೆಗೆ

ಮಾರಾಟವಾದ ವಸ್ತುವೊಂದರಲ್ಲಿ ಪ್ರಾಣಾಪಾಯಕ್ಕೆ ಎಡೆಗೊಡುವ ದೋಷವಿದೆಯೆಂದು ಕಂಡುಬಂದಾಗ ಅದರ ಮಾರಾಟವನ್ನು ನಿಲ್ಲಿಸಿ, ಆಗಲೇ ಜನರ ಕೈಸೇರಿರುವ ವಸ್ತುಗಳನ್ನು ಮರಳಿ ಪಡೆಯುವ, ದುರಸ್ತಿ ಮಾಡಿಕೊಡುವ ಅಥವಾ ಅವುಗಳ ಬೆಲೆಯನ್ನು ಹಿಂದಿರುಗಿಸುವ ಕ್ರಮವನ್ನು 'ಹಿಂಪಡೆತ' ಎಂದು ಕರೆಯಬಹುದು. ಔಷಧಗಳ ಮತ್ತು ಮೋಟಾರು ವಾಹನಗಳ ವಿಷಯದಲ್ಲಿ ಇದು ಪರಿಚಿತವಾದುದು. ಪ್ರಸ್ತುತ ಲೇಖನದಲ್ಲಿ ಮಕ್ಕಳ ವಸ್ತುಗಳನ್ನೂ ಗೃಹೋಪಯೋಗಿ ವಸ್ತುಗಳನ್ನೂ ಮಾತ್ರ ತೆಗೆದುಕೊಂಡು, ಹಿಂಪಡೆತದ ಪ್ರಕಟಣೆಗೂ ವಸ್ತುವು ನಿಜವಾಗಿ ಮನೆಯಿಂದ ಹೊರಬೀಳುವುದಕ್ಕೂ ನಡುವೆ ಇರುವ ಅಂತರವನ್ನು ವಿವೇಚಿಸಲಾಗಿದೆ.

'ಕೊಳ್ಳುವವನೇ ಎಚ್ಚರದಿಂದಿರಲಿ' ಎಂಬುದು ವ್ಯಾಪಾರದಲ್ಲಿ ಬಹುಕಾಲ ನಡೆದುಬಂದ ನ್ಯಾಯ. ಬಟ್ಟೆಯ ನೇಯ್ಗೆಯನ್ನೂ ಪಾತ್ರೆಯ ತೂಕವನ್ನೂ ಕೈಯಿಂದ ಮುಟ್ಟಿ ಪರೀಕ್ಷಿಸಬಹುದಾಗಿದ್ದಾಗ ಇದಕ್ಕೆ ಅರ್ಥವಿದ್ದಿತು. ಆಟಿಕೆಯ ಬಣ್ಣದಲ್ಲಿ ಸೀಸವಿದೆಯೆ, ತೊಟ್ಟಿಲಿನ ಕೀಲು ಯಾವಾಗ ಕಳಚೀತು ಎಂಬುದನ್ನು ಅಂಗಡಿಯಲ್ಲಿ ನಿಂತು ಅರಿಯುವುದು ಯಾರಿಗೂ ಸಾಧ್ಯವಿಲ್ಲ. ಮಕ್ಕಳ ವಸ್ತುಗಳಲ್ಲಂತೂ ಕೊಳ್ಳುವವರು ಒಬ್ಬರು, ಅಪಾಯಕ್ಕೆ ಈಡಾಗುವವರು ಇನ್ನೊಬ್ಬರು. ಈ ತಿಳಿವಳಿಕೆಯ ಫಲವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ೧೯೭೨ರಲ್ಲಿ ಒಂದು ಶಾಸನವಾಯಿತು. ಅದರಂತೆ ಗ್ರಾಹಕ ವಸ್ತು ಸುರಕ್ಷತಾ ಆಯೋಗವು ೧೯೭೩ರಲ್ಲಿ ಕಾರ್ಯಾರಂಭ ಮಾಡಿತು. ತನ್ನ ವಸ್ತುವಿನಲ್ಲಿ ಗಣನೀಯವಾದ ಅಪಾಯವಿದೆಯೆಂದು ತಿಳಿದುಬಂದರೆ ತಯಾರಕನು ಅದನ್ನು ೨೪ ಗಂಟೆಗಳೊಳಗೆ ಆಯೋಗಕ್ಕೆ ತಿಳಿಸತಕ್ಕದ್ದು. ಆದರೆ ಅಲ್ಲಿ ನಡೆಯುವ ಹಿಂಪಡೆತಗಳಲ್ಲಿ ಬಹುಪಾಲು ಆಜ್ಞೆಯಿಂದ ಆಗುವಂಥವಲ್ಲ. ಆಯೋಗವೂ ತಯಾರಕನೂ ಮಾತುಕತೆಯಾಡಿ ಒಪ್ಪಿಕೊಂಡಂಥವು.

ಈ ವ್ಯವಸ್ಥೆಯ ದುರ್ಬಲ ಸ್ಥಾನ ಯಾವುದೆಂಬುದನ್ನು ಒಂದು ದುರಂತ ತೋರಿಸಿಕೊಟ್ಟಿತು. ಪ್ಲೇಸ್ಕೂಲ್ ಎಂಬ ಹೆಸರಿನಲ್ಲಿ ಮಾರಾಟವಾದ, ಮಡಿಸಿ ಒಯ್ಯಬಹುದಾದ 'ಟ್ರಾವೆಲ್-ಲೈಟ್' ಎಂಬ ತೊಟ್ಟಿಲೊಂದಿದ್ದಿತು. ಅದರ ಮೇಲಂಚಿನ ಕಂಬಿಗಳು ನಡುವೆ ಕುಸಿದರೆ 'ವಿ' ಆಕಾರದ ಸಂದು ಉಂಟಾಗಿ, ಎದ್ದು ನಿಂತ ಮಗುವಿನ ಕುತ್ತಿಗೆ ಅದರಲ್ಲಿ ಸಿಕ್ಕಿಕೊಳ್ಳುತ್ತಿದ್ದಿತು. ೧೯೯೩ರಲ್ಲಿ ಅದರ ಹಿಂಪಡೆತವನ್ನು ಪ್ರಕಟಿಸಲಾಯಿತು. ಐದು ವರ್ಷಗಳ ತರುವಾಯ, ೧೯೯೮ರ ಮೇ ತಿಂಗಳಲ್ಲಿ, ಶಿಕಾಗೊ ನಗರದ ಶಿಶುಪಾಲಕಿಯೊಬ್ಬರ ಮನೆಯಲ್ಲಿ ಇನ್ನೂ ಎರಡು ವರ್ಷ ತುಂಬದ ಮಗುವೊಂದು ಅದೇ ತೊಟ್ಟಿಲಿನಲ್ಲಿ ಮೃತಪಟ್ಟಿತು. ದೋಷವು ಪತ್ತೆಯಾಗಿದ್ದಿತು, ಪ್ರಕಟಣೆಯೂ ಹೊರಟಿದ್ದಿತು. ತಲಪಬೇಕಾದ ಮನೆಗೆ ಮಾತ್ರ ಅದು ತಲಪಿರಲಿಲ್ಲ. ಮಗುವಿನ ತಂದೆತಾಯಿಗಳು ಅದೇ ವರ್ಷ 'ಕಿಡ್ಸ್ ಇನ್ ಡೇಂಜರ್' ಎಂಬ ಸಂಸ್ಥೆಯನ್ನು ಸ್ಥಾಪಿಸಿ ಶಾಸನದ ಸುಧಾರಣೆಗಾಗಿ ದುಡಿದರು.

ಪ್ರಕಟಣೆ ಏಕೆ ತಲಪುವುದಿಲ್ಲ? ಮೋಟಾರು ವಾಹನಕ್ಕೆ ನೋಂದಣಿಯಿದೆ; ಅದು ಕೈಬದಲಾಯಿಸಿದರೂ ಒಡೆಯನಾರೆಂಬುದು ದಾಖಲೆಯಿಂದ ತಿಳಿಯುತ್ತದೆ. ತೊಟ್ಟಿಲಿಗೆ ಅಂತಹ ದಾಖಲೆಯಿಲ್ಲ. ಅದನ್ನು ಒಬ್ಬರು ಕೊಂಡು ಇನ್ನೊಬ್ಬರಿಗೆ ಉಡುಗೊರೆಯಾಗಿ ಕೊಡುತ್ತಾರೆ. ಮಗು ಬೆಳೆದ ಮೇಲೆ ಅದು ತಂಗಿಯ ಮನೆಗೋ ನೆರೆಮನೆಗೋ ಹಳೆಯ ಸಾಮಾನಿನ ಅಂಗಡಿಗೋ ಹೋಗುತ್ತದೆ. ಹೀಗೆ ಕೈಯಿಂದ ಕೈಗೆ ಸಾಗುವಾಗ ತಯಾರಕನಿಗೂ ವಸ್ತುವಿಗೂ ಇದ್ದ ಸಂಬಂಧದ ಎಳೆ ಹರಿದುಹೋಗುತ್ತದೆ. ಮೇಲಾಗಿ, ಇಷ್ಟು ದಿನ ಏನೂ ಆಗಲಿಲ್ಲವೆಂಬ ಭರವಸೆ ಮನುಷ್ಯನಿಗೆ ಸಹಜ. ಬೆಲೆ ಕಡಿಮೆಯಾದಷ್ಟೂ ವಸ್ತುವನ್ನು ಹಿಂದಿರುಗಿಸುವ ಶ್ರಮ ಹೆಚ್ಚೆಂದು ತೋರುತ್ತದೆ.

೨೦೦೭ರಲ್ಲಿ ಸೀಸದ ಬಣ್ಣ ಬಳಿದ ಆಟಿಕೆಗಳನ್ನೂ ಸಣ್ಣ ಅಯಸ್ಕಾಂತಗಳು ಕಳಚಿಬರುವ ಆಟಿಕೆಗಳನ್ನೂ ಲಕ್ಷಗಟ್ಟಲೆಯಾಗಿ ಹಿಂಪಡೆಯಬೇಕಾಗಿ ಬಂದಾಗ ಸಾರ್ವಜನಿಕರಲ್ಲಿ ಕಳವಳ ಹುಟ್ಟಿತು. ೨೦೦೮ರ ಆಗಸ್ಟ್ ೧೪ರಂದು ಹೊಸ ಶಾಸನವು ಅಂಗೀಕೃತವಾಯಿತು. ಬಣ್ಣದಲ್ಲಿರಬಹುದಾದ ಸೀಸದ ಮಿತಿಯನ್ನು ಅದು ಹತ್ತು ಲಕ್ಷದಲ್ಲಿ ೬೦೦ ಭಾಗಗಳಿಂದ ೯೦ ಭಾಗಗಳಿಗೆ ಇಳಿಸಿತು. ನಮ್ಮ ಪ್ರಸ್ತುತ ವಿಷಯಕ್ಕೆ ಇನ್ನೂ ಮುಖ್ಯವಾದುವು ಬೇರೆ ಮೂರು ವಿಧಿಗಳು. ಮಕ್ಕಳ ವಸ್ತುಗಳ ಮೇಲೆ ತಯಾರಕನನ್ನೂ ತಯಾರಾದ ಕಾಲವನ್ನೂ ಗುರುತಿಸಬಲ್ಲ ಅಳಿಯದ ಗುರುತಿರಬೇಕು. ತೊಟ್ಟಿಲು ಮೊದಲಾದ ಬಾಳಿಕೆಯ ಶಿಶುವಸ್ತುಗಳೊಡನೆ ಅಂಚೆವೆಚ್ಚ ತೆತ್ತ ನೋಂದಣಿ ಪತ್ರವಿರಬೇಕು. ಅದರಿಂದ ದೊರೆತ ವಿಳಾಸಗಳನ್ನು ಕನಿಷ್ಠಪಕ್ಷ ಆರು ವರ್ಷ ಕಾಯ್ದಿಡಬೇಕು, ಜಾಹೀರಾತಿಗೆ ಬಳಸಕೂಡದು. ಹಿಂಪಡೆತಕ್ಕೆ ಒಳಗಾದ ವಸ್ತುವನ್ನು ಮಾರುವುದೇ ಅಪರಾಧ. ಒಟ್ಟಿನಲ್ಲಿ, ಹರಿದ ಎಳೆಯನ್ನು ಮತ್ತೆ ಜೋಡಿಸುವುದೇ ಈ ವಿಧಿಗಳ ಉದ್ದೇಶ.

ಆದರೂ ಸಮಸ್ಯೆ ಪೂರ್ಣವಾಗಿ ಪರಿಹಾರವಾಗಲಿಲ್ಲ. 'ರಾಕ್ ಎನ್ ಪ್ಲೇ' ಎಂಬ ಇಳಿಜಾರಾದ ಶಿಶುಶಯ್ಯೆಯನ್ನು ೨೦೧೯ರ ಏಪ್ರಿಲಿನಲ್ಲಿ ಹಿಂಪಡೆಯಲಾಯಿತು. ಮಾರಾಟವಾಗಿದ್ದ ಶಯ್ಯೆಗಳ ಸಂಖ್ಯೆ ಸುಮಾರು ೪೭ ಲಕ್ಷ. ೨೦೨೩ರ ಜನವರಿಯಲ್ಲಿ ಅದೇ ಪ್ರಕಟಣೆಯನ್ನು ಮತ್ತೊಮ್ಮೆ ಹೊರಡಿಸಬೇಕಾಯಿತು. ಅಷ್ಟರಲ್ಲಿ ವರದಿಯಾಗಿದ್ದ ಸುಮಾರು ೧೦೦ ಸಾವುಗಳಲ್ಲಿ ಕನಿಷ್ಠ ೮ ಮೊದಲನೆಯ ಪ್ರಕಟಣೆಯ ತರುವಾಯ ಸಂಭವಿಸಿದಂಥವು.

ಭಾರತದಲ್ಲಿ ೨೦೧೯ರ ಗ್ರಾಹಕ ಸಂರಕ್ಷಣಾ ಶಾಸನದ ೨೦ನೆಯ ವಿಧಿಯು ಅಪಾಯಕರ ವಸ್ತುಗಳನ್ನು ಹಿಂಪಡೆಯುವಂತೆಯೂ ಬೆಲೆಯನ್ನು ಹಿಂದಿರುಗಿಸುವಂತೆಯೂ ಆಜ್ಞಾಪಿಸುವ ಅಧಿಕಾರವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಕೊಟ್ಟಿದೆ. ಪ್ರಾಧಿಕಾರವು ೨೦೨೦ರ ಜುಲೈಯಲ್ಲಿ ಅಸ್ತಿತ್ವಕ್ಕೆ ಬಂದಿತು. ೨೦೨೧ರ ಜನವರಿ ೧ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ೨೦೨೨ರ ಆಗಸ್ಟಿನಲ್ಲಿ ಪ್ರಾಧಿಕಾರವು ನಿಗದಿಯಾದ ಗುಣಮಟ್ಟಕ್ಕೆ ಒಪ್ಪದ ಪ್ರೆಷರ್ ಕುಕ್ಕರುಗಳ ವಿಷಯದಲ್ಲಿ ಎರಡು ಆಜ್ಞೆಗಳನ್ನು ಹೊರಡಿಸಿತು: ಅಮೆಜಾನ್ ಸಂಸ್ಥೆ ತನ್ನ ಮೂಲಕ ಮಾರಾಟವಾದ ೨,೨೬೫ ಕುಕ್ಕರುಗಳನ್ನೂ, ಬೆಂಗಳೂರಿನ ಫ್ಲಿಪ್‌ಕಾರ್ಟ್ ಸಂಸ್ಥೆ ೫೯೮ ಕುಕ್ಕರುಗಳನ್ನೂ ಕೊಂಡವರಿಗೆ ವಿಷಯ ತಿಳಿಸಿ, ವಸ್ತುಗಳನ್ನು ಮರಳಿ ಪಡೆದು ಬೆಲೆಯನ್ನು ಹಿಂದಿರುಗಿಸಬೇಕೆಂದು. ಈ ಆಜ್ಞೆಗಳು ದೆಹಲಿಯ ಉಚ್ಚ ನ್ಯಾಯಾಲಯದವರೆಗೆ ಹೋದುವು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಸಂಖ್ಯೆಯನ್ನು ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾದುದು ಕೊಂಡವರ ಪಟ್ಟಿ ಮಾರಿದವರಲ್ಲಿ ಇದ್ದುದರಿಂದ. ಸಂತೆಯಲ್ಲಿಯೋ ಬೀದಿಬದಿಯಲ್ಲಿಯೋ ರಸೀದಿಯಿಲ್ಲದೆ ಕೊಂಡ ಕುಕ್ಕರಿಗೆ ಅಂತಹ ಪಟ್ಟಿಯೆಲ್ಲಿ?

ಹಿಂಪಡೆತದ ಸಾಫಲ್ಯವನ್ನು ಪ್ರಕಟಣೆಗಳ ಸಂಖ್ಯೆಯಿಂದ ಅಳೆಯಲಾಗದು. ಬಳಕೆಯಿಂದ ಹೊರಬಿದ್ದ ವಸ್ತುಗಳ ಸಂಖ್ಯೆಯೇ ಅದರ ಸರಿಯಾದ ಅಳತೆ. ನಮ್ಮಲ್ಲಿ ಮಗುವಿನ ಸಾಮಾನು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದು ಬಾಂಧವ್ಯದ ಕುರುಹು. ಆ ಪದ್ಧತಿಯನ್ನು ಬಿಡಬೇಕಾದುದಿಲ್ಲ. ಆದರೆ ಕೊಡುವ ಮುನ್ನ ಅದರ ಮಾದರಿಯ ಹೆಸರನ್ನೂ ತಯಾರಾದ ವರ್ಷವನ್ನೂ ನೋಡಿ ವಿಚಾರಿಸುವುದು, ದೋಷವಿದ್ದಲ್ಲಿ ದಾನ ಮಾಡದೆ ಮುರಿದುಹಾಕುವುದು ಅವಶ್ಯಕ. ರಸೀದಿಯಿಲ್ಲದ ಮಾರುಕಟ್ಟೆಯಲ್ಲಿ ಎಚ್ಚರಿಕೆಯ ಮಾತು ಯಾವ ದಾರಿಯಿಂದ ಮನೆಗಳನ್ನು ಮುಟ್ಟೀತು ಎಂಬ ಪ್ರಶ್ನೆ ಅರ್ಥಶಾಸ್ತ್ರ, ಸಮಾಜಶಾಸ್ತ್ರ ಮತ್ತು ಗೃಹವಿಜ್ಞಾನಗಳ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಲು ಯೋಗ್ಯವಾದುದಾಗಿದೆ.