ಎಲ್ಲವೂ ‘ನರ’ವಲ್ಲ: ಫ್ಲೆಬೈಟಿಸ್ ಎಂಬ ಮಾತಿನ ಅರ್ಥ

ಆದೋನಿ ಸೀಮೆಯ ನಮ್ಮ ಹಳ್ಳಿಗಳಲ್ಲಿ ಕಾಲುನೋವಿಗೆಲ್ಲ ಒಂದೇ ಮಾತು: “ನರ ಹಿಡಿದೈತಿ.” ಕೈಯ ಮೇಲೆ ನೀಲಿಯಾಗಿ ಕಾಣುವುದೂ ನರ, ಹಿಮ್ಮಡಿಯ ಹಿಂದೆ ಬಿಗಿಯುವುದೂ ನರ, ಸೊಂಟದಿಂದ ಚಳುಕು ಇಳಿದರೂ ನರ. ತೆಲುಗಿನ ‘ನರಂ’ ಕೂಡ ಹೀಗೆಯೇ. ವೈದ್ಯರಿಗಾದರೋ ಇವು ಮೂರೂ ಬೇರೆ ಬೇರೆ. ಮೊದಲನೆಯದು ರಕ್ತನಾಳ, ಎರಡನೆಯದು ಮಾಂಸವನ್ನು ಮೂಳೆಗೆ ಬಿಗಿಯುವ ಹುರಿ, ಮೂರನೆಯದು ಮಾತ್ರ ನಿಜವಾದ ನರ.

ಆಸ್ಪತ್ರೆಯ ಚೀಟಿಯಲ್ಲಿ ‘ಫ್ಲೆಬೈಟಿಸ್’ ಎಂದು ಬರೆದಿದ್ದರೆ ಅದರ ಅರ್ಥವೇನು? ಗುರುಮಠದಲ್ಲಿ ನಾವು ಕಲಿತ ಅಲ್ಪಸ್ವಲ್ಪ ಗ್ರೀಕ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ‘ಫ್ಲೆಪ್ಸ್’ ಎಂದರೆ ರಕ್ತನಾಳ. ‘ಐಟಿಸ್’ ಎಂಬುದು ಉರಿಯೂತದ ಗುರುತು. ಟಾನ್ಸಿಲೈಟಿಸ್, ಅಪೆಂಡಿಸೈಟಿಸ್ ಎಂಬಲ್ಲಿರುವುದೂ ಇದೇ. ಹೃದಯಕ್ಕೆ ರಕ್ತವನ್ನು ಮರಳಿ ಒಯ್ಯುವ ಸಿರೆಯ ಉರಿಯೂತವೇ ಫ್ಲೆಬೈಟಿಸ್. ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ‘ಥ್ರಾಂಬೋಫ್ಲೆಬೈಟಿಸ್’ ಎನ್ನುತ್ತಾರೆ.

ಹತ್ತಿ ಬಿಡಿಸುವ ದಿನಗಳಲ್ಲಿ ನಿತ್ರಾಣವೆಂದು ಗ್ಲೂಕೋಸ್ ಬಾಟ್ಲಿ ಹಾಕಿಸಿಕೊಳ್ಳುವ ರೂಢಿ ನಮ್ಮಲ್ಲಿದೆ. ಬಳಿಕ ಸೂಜಿ ಚುಚ್ಚಿದ ಕಡೆ ಕೆಂಪಾಗಿ, ಬಿಸಿಯಾಗಿ, ಹಗ್ಗದಂತೆ ಗಟ್ಟಿಯಾದ ಗೆರೆ ಕೈಗೆ ಸಿಕ್ಕರೆ ಅದು ಚರ್ಮದ ಕೆಳಗಿನ ಫ್ಲೆಬೈಟಿಸ್. ಕಾಲಿನಲ್ಲಿ ಸಿರೆಗಳು ಉಬ್ಬಿ ಸುರುಳಿಗಟ್ಟಿದವರಿಗೂ ಇದು ಬರುತ್ತದೆ. ಬಹುಮಟ್ಟಿಗೆ ವಾಸಿಯಾಗುತ್ತದೆ, ಆದರೂ ವೈದ್ಯರಿಗೆ ತೋರಿಸಬೇಕು.

ಹೆಚ್ಚಿನ ಅಪಾಯವಿರುವುದು ಆಳದ ಸಿರೆಯಲ್ಲಿ. ಅದಕ್ಕೆ ‘ಡಿ.ವಿ.ಟಿ.’ ಎಂದು ಬರೆಯುತ್ತಾರೆ. ಹೊರಗೆ ಗೆರೆ ಕಾಣದೆ, ಸಾಮಾನ್ಯವಾಗಿ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತದೆ. ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಗಂಟೆಗಟ್ಟಲೆ ಕಾಲು ಮಡಚಿ ಕುಳಿತು ಹೋಗುವವರು, ಕಾಲು ಮುರಿದು ಮಲಗಿದವರು, ಬಾಣಂತಿಯರು ಎಚ್ಚರದಿಂದಿರಬೇಕು. ಬಾಣಂತಿಗೆ ನೀರು ಕಡಿಮೆ ಮಾಡಿ, ಮಂಚ ಬಿಟ್ಟು ಏಳಗೊಡದಿರುವ ಪದ್ಧತಿ ಒಳ್ಳೆಯದಲ್ಲ.

‘ನರ’ ಎಂಬ ಮಾತು ಕೇಡು ಮಾಡುವುದು ಇಲ್ಲಿಯೇ. ನರ ಹಿಡಿದಿದೆಯೆಂದು ಎಣ್ಣೆ ಹಚ್ಚಿ ತಿಕ್ಕಿಸಿದರೆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಕುತ್ತಾಗಬಹುದು. ಹಠಾತ್ತನೆ ಉಸಿರು ಕಟ್ಟಿದರೆ, ಎದೆ ನೋಯ್ದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿರಿ. ಡಾಪ್ಲರ್ ಸ್ಕ್ಯಾನಿನಿಂದ ಹೆಪ್ಪು ತಿಳಿಯುತ್ತದೆ, ಔಷಧವೂ ಉಂಟು. ಅದನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ. ನೋವು ಹೋಯಿತೆಂದು ನಡುವೆ ಬಿಡಬಾರದು.

ಆದ್ದರಿಂದ ವೈದ್ಯರ ಮುಂದೆ ಬರೇ “ನರದ ನೋವು” ಎನ್ನಬೇಡಿರಿ. ಇವಿಷ್ಟನ್ನು ಹೇಳಿರಿ:

1. ನೋವು ಒಂದು ಕಾಲಿನಲ್ಲಿಯೋ, ಎರಡರಲ್ಲಿಯೋ?
2. ಊತ, ಬಿಸಿ, ಕೆಂಪು ಇದೆಯೇ? ಎಷ್ಟು ದಿನದಿಂದ?
3. ಈಚೆಗೆ ಹೆರಿಗೆ, ಆಪರೇಷನ್, ದೂರದ ಪ್ರಯಾಣ ಆಗಿದೆಯೇ? ಬಾಟ್ಲಿ ಹಾಕಿಸಿದ್ದಿರೇ?

ಊದಿದ ಕಾಲನ್ನು ಮೊದಲು ವೈದ್ಯರಿಗೆ ತೋರಿಸಿರಿ. ಎಣ್ಣೆಯ ಮಾತು ಆಮೇಲೆ.