ಹಸಿರು ಮೇವೇ ಹಸುವಿನ ಕಣ್ಣು

ಹೆಬ್ಬಾಳದಲ್ಲಿ 1958ರಲ್ಲಿ ಪಶುವೈದ್ಯಕೀಯ ಕಾಲೇಜು ಆರಂಭವಾದಾಗ ಸುತ್ತಲೂ ಹೊಲಗಳಿದ್ದವು. ಇಂದು ಯಲಹಂಕದವರೆಗೂ ಕಟ್ಟಡಗಳು ಹಬ್ಬಿವೆ; ಅಲ್ಲಿಯ ಹಸುಗಳಿಗೆ ಹಸಿರು ಹುಲ್ಲು ದುರ್ಲಭವಾಗಿದೆ.

ಬಿ ಗುಂಪಿನ ಜೀವಸತ್ವಗಳನ್ನು ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳೇ ತಯಾರಿಸುತ್ತವೆ. ಡಿ ಜೀವಸತ್ವ ಬಿಸಿಲಿನಿಂದ ದೊರೆಯುತ್ತದೆ. ಎ ಜೀವಸತ್ವಕ್ಕೆ ಮಾತ್ರ ಹಸಿರು ಮೇವಿನ ಕ್ಯಾರೊಟಿನ್ ಮುಖ್ಯ ಆಧಾರ. ಒಣಗಿದ ರಾಗಿಹುಲ್ಲಿನಲ್ಲಿ ಅದು ಅತ್ಯಲ್ಪ. ತಿಂಗಳುಗಟ್ಟಲೆ ಒಣಮೇವನ್ನೇ ತಿಂದ ಹಸುವಿಗೆ ಇರುಳುಗುರುಡು ಬರಬಹುದು, ಕಂದು ಹಾಕಬಹುದು, ಕರು ಕುರುಡಾಗಿ ಹುಟ್ಟಲೂಬಹುದು.

ಆದುದರಿಂದ ನಾವು ದೊರೆತಷ್ಟು ಹಸಿರು ಮೇವನ್ನು ದಿನವೂ ಹಾಕೋಣ. ಗಬ್ಬದ ಹಸುವಿಗೆ ಪಶುವೈದ್ಯರ ಸಲಹೆಯಂತೆ ಜೀವಸತ್ವಗಳನ್ನು ಕೊಡಿಸೋಣ. ಕರು ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸೋಣ. ಗರ್ಭದಲ್ಲಿ ದಕ್ಕದ ಎ ಜೀವಸತ್ವ ಅದಕ್ಕೆ ದೊರೆಯುವುದು ಆ ಹಾಲಿನಿಂದಲೇ. ಗಿಣ್ಣದ ಸವಿ ನಮಗೆ ಪ್ರಿಯವಾದರೂ ಮೊದಲ ಹಕ್ಕು ಕರುವಿನದು.