ಎರಡು ಕೊಂಬಿನ ಗಿಟಾರ್: ನಂಬಿಕೆ ಬೇರೆ, ನಿಜ ಬೇರೆ

ಎಲೆಕ್ಟ್ರಿಕ್ ಗಿಟಾರ್ ಎಂದೊಡನೆ ನೆನಪಿಗೆ ಬರುವುದು ಕತ್ತಿನ ಎರಡೂ ಬದಿಗೆ ಕೊಂಬು ಚಾಚಿದ ಆಕಾರ. ಅಂಗಡಿಯವರು ಅದನ್ನು ಡಬಲ್ ಕಟ್‌ಅವೇ ಎನ್ನುತ್ತಾರೆ. ಮೊದಲ ಸಲ ಕೊಳ್ಳುವವರ ಕೈಗೆಟಕುವ ಬೆಲೆಯಲ್ಲಿ ಹೆಚ್ಚಾಗಿ ಸಿಗುವುದೂ ಇದೇ ಜಾತಿ: ಸ್ಕ್ವೈಯರ್ ಸ್ಟ್ರಾಟ್, ಯಮಾಹಾ ಪೆಸಿಫಿಕಾ, ಎಪಿಫೋನ್ ಎಸ್‌ಜಿ. ಗಿಟಾರಿನ ಜತೆ ಪುಕ್ಕಟೆ ಸಲಹೆಗಳೂ ಬರುತ್ತವೆ. ಅವುಗಳಲ್ಲಿ ಕೆಲವನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಒಳ್ಳೆಯದು.

"ಕೊಂಬು ಬರೀ ಶೋಕಿಗೆ." ಅಲ್ಲ. ಕೆಳಗಿನ ಕೊಂಬಿನ ಪಕ್ಕ ಮರ ಕೊರೆದಿರುವುದು ಕೊನೆಯ ಫ್ರೆಟ್‌ಗಳವರೆಗೆ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗಳವರೆಗೆ) ಬೆರಳು ಹೋಗಲಿ ಎಂದು. ಮೇಲಿನ ಕೊಂಬಿನ ಕೆಲಸ ಬೇರೆ: ಬೆಲ್ಟಿನ ಗುಂಡಿಯನ್ನು ಕತ್ತಿನ ಕಡೆಗೆ ಸರಿಸಿ ತೂಕ ಸಮ ಮಾಡುವುದು. ಫೆಂಡರ್ ಕಂಪನಿ 1951ರಲ್ಲಿ ಉದ್ದ ಕತ್ತಿನ ಪ್ರೆಸಿಷನ್ ಬೇಸ್‌ಗೆ ಈ ಆಕಾರ ಕೊಟ್ಟಿತು, 1954ರಲ್ಲಿ ಅದೇ ದಾರಿಯಲ್ಲಿ ಸ್ಟ್ರಾಟಕಾಸ್ಟರ್ ಬಂತು. ಗಿಬ್ಸನ್‌ನ ಎಸ್‌ಜಿ ಹುಟ್ಟಿದ್ದು 1961ರಲ್ಲಿ. ಅದರ ಕೊಂಬುಗಳು ಗಿಡ್ಡ, ಮೈ ತೆಳು. ಹಾಗಾಗಿ ಬೆಲ್ಟ್ ಹಾಕಿ ನಿಂತರೆ ಕತ್ತು ನೆಲದ ಕಡೆ ಜಗ್ಗುವ ಗುಣ ಅದಕ್ಕಿದೆ. ಕೊಳ್ಳುವ ಮುಂಚೆ ನಿಂತು ನುಡಿಸಿ ನೋಡಿ, ಕೂತಷ್ಟೇ ಅಲ್ಲ.

"ಮೊದಲು ಅಕೂಸ್ಟಿಕ್ ಕಲಿ, ಆಮೇಲೆ ಎಲೆಕ್ಟ್ರಿಕ್." ಹೀಗೆ ಹೇಳುವ ಮೇಷ್ಟ್ರುಗಳು ಇನ್ನೂ ಇದ್ದಾರೆ. ಹಾಗೊಂದು ನಿಯಮವೇನೂ ಇಲ್ಲ. ಅಕೂಸ್ಟಿಕ್‌ನ ಸಾಮಾನ್ಯ ತಂತಿ 12ರಿಂದ ಶುರುವಾದರೆ (ಅಂದರೆ ತೀರಾ ತೆಳು ತಂತಿಯ ದಪ್ಪ ಇಂಚಿನ ಸಾವಿರದಲ್ಲಿ 12 ಭಾಗ) ಸ್ಟ್ರಾಟ್ ಮಾದರಿಗೆ 9ರ ತಂತಿ ಸಾಕು. ಒತ್ತುವ ಶ್ರಮ ಕಡಿಮೆ, ಬೆರಳಿನ ಉರಿಯೂ ಕಡಿಮೆ. ಇಷ್ಟಪಟ್ಟ ಸಂಗೀತ ಎಲೆಕ್ಟ್ರಿಕ್‌ನಲ್ಲಿದ್ದರೆ ನೇರ ಅದನ್ನೇ ಹಿಡಿಯಿರಿ. "ಫ್ರೆಟ್ ಇರುವ ವಾದ್ಯದಲ್ಲಿ ಗಮಕ ಬಾರದು" ಎಂಬ ಮಾತಿಗೂ ಉತ್ತರ ಇಲ್ಲೇ ಇದೆ. ವೀಣೆಗೆ 24 ಮೆಟ್ಟಿಲುಗಳಿವೆ, ಅಲ್ಲಿ ತಂತಿ ಎಳೆದೇ ಗಮಕ ತೆಗೆಯುತ್ತಾರೆ. ತೆಳು ತಂತಿಯ ಎಲೆಕ್ಟ್ರಿಕ್ ಗಿಟಾರ್ ಹಾಗೆಯೇ ಎಳೆತಕ್ಕೆ ಬಗ್ಗುತ್ತದೆ. ಗಿಟಾರ್ ವಾದಕ ಆರ್. ಪ್ರಸನ್ನ ಅದರಲ್ಲೇ ಕರ್ನಾಟಕ ಸಂಗೀತದ ಕಛೇರಿ ನಡೆಸಿದ್ದಾರೆ.

"ಅಗ್ಗದ ಮರ, ಅಗ್ಗದ ನಾದ." ಇದು ಎಲ್ಲಕ್ಕಿಂತ ಗಟ್ಟಿಯಾಗಿ ಬೇರುಬಿಟ್ಟ ನಂಬಿಕೆ. ಪಿಕಪ್ ಎಂದರೆ ಅಯಸ್ಕಾಂತ ಮತ್ತು ಅದರ ಸುತ್ತ ಸುತ್ತಿದ ಸಣ್ಣ ತಾಮ್ರದ ತಂತಿ. ಉಕ್ಕಿನ ತಂತಿ ಅದರ ಮುಂದೆ ಮಿಡಿದಾಗ ಹುಟ್ಟುವ ವಿದ್ಯುತ್ತೇ ಆಂಪ್‌ಗೆ (ಆಂಪ್ಲಿಫಯರ್‌ಗೆ) ಹೋಗುವುದು. ಅಕೂಸ್ಟಿಕ್‌ನಂತೆ ಮರದ ಪೆಟ್ಟಿಗೆ ಗಾಳಿಯನ್ನು ನಡುಗಿಸಿ ಸದ್ದು ಮಾಡಬೇಕಾಗಿಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡಾನೆಲೆಕ್ಟ್ರೊ ಕಂಪನಿ ಮರದ ಚೌಕಟ್ಟಿಗೆ ಹಾರ್ಡ್‌ಬೋರ್ಡ್ ಹಾಳೆ ಬಡಿದು ಎರಡು ಕೊಂಬಿನ ಗಿಟಾರ್‌ಗಳನ್ನು ಅಗ್ಗಕ್ಕೆ ಮಾರಿತು. ಲೆಡ್ ಜೆಪ್ಪೆಲಿನ್‌ನ ಜಿಮ್ಮಿ ಪೇಜ್ ವೇದಿಕೆಯ ಮೇಲೆ 'ಕಾಶ್ಮೀರ್' ನುಡಿಸುತ್ತಿದ್ದುದು ಅಂಥದ್ದರಲ್ಲೇ. ಕ್ವೀನ್ ತಂಡದ ಬ್ರಯಾನ್ ಮೇ 1963ರಲ್ಲಿ ಅಪ್ಪನ ಜತೆ ಸೇರಿ ಮನೆಯಲ್ಲೇ ಗಿಟಾರ್ ಮಾಡಲು ಕೂತ. ಕತ್ತಿಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ, ಸ್ವರ ಅಲುಗಿಸುವ ಟ್ರೆಮೊಲೊಗೆ ಮೋಟಾರ್‌ಸೈಕಲ್ ಎಂಜಿನ್ನಿನ ಸ್ಪ್ರಿಂಗ್. ಅಲ್ಲಿಂದ ಮುಂದೆ ಹೆಚ್ಚಾಗಿ ಅದನ್ನೇ ನುಡಿಸುತ್ತ ಬಂದ. ಮರಕ್ಕೆ ಬೆಲೆಯೇ ಇಲ್ಲ ಎನ್ನುತ್ತಿಲ್ಲ, ಮೊದಲ ಗಿಟಾರ್ ಆರಿಸುವಾಗ ಅದು ಕೊನೆಯ ಪ್ರಶ್ನೆ.

ಪಿಕಪ್ ಕೆಲಸ ಮಾಡುವುದು ಉಕ್ಕಿನ ತಂತಿಯಿಂದ, ಹಾಗಾಗಿ ಒಂದು ಎಚ್ಚರ. ಅಕೂಸ್ಟಿಕ್‌ನ ಕಂಚಿನ ಸುತ್ತಿನ ತಂತಿ ಹಾಕಬೇಡಿ. ಕಂಚಿಗೆ ಅಯಸ್ಕಾಂತ ಸ್ಪಂದಿಸುವುದಿಲ್ಲ, ದಪ್ಪ ತಂತಿಗಳು ಸೊರಗಿ ಕೇಳುತ್ತವೆ. ನೈಲಾನ್ ತಂತಿ ಹಾಕಿದರಂತೂ ಏನೂ ಕೇಳದು.

"ಹೊಸ ಗಿಟಾರ್, ಡಬ್ಬ ಬಿಚ್ಚಿ ನುಡಿಸಿದರಾಯಿತು." ಕಾರ್ಖಾನೆಯಿಂದ ಹೊರಟು ಹಡಗು, ಗೋದಾಮು, ಲಾರಿ ದಾಟಿ ಬಂದ ಮರ ಅದು. ಮಂಗಳೂರಿನ ಮಳೆಗಾಲದ ತೇವ ಹೀರಿಕೊಂಡರೆ ಕತ್ತಿನ ಬಾಗು ಬದಲಾಗುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಒಣಗಿ ಕುಗ್ಗಿದರೆ ಫ್ರೆಟ್‌ಗಳ ತುದಿ ಹೊರಬಂದು ಕೈಗೆ ತರಚುತ್ತದೆ. ಅಗ್ಗದ ಗಿಟಾರ್‌ಗಳಲ್ಲಿ ಉಳಿತಾಯ ಮಾಡುವುದು ಹೆಚ್ಚಾಗಿ ಕೊನೆಯ ಹದಗೊಳಿಸುವ ಕೆಲಸದಲ್ಲೇ, ಅಂದರೆ ಸೆಟಪ್‌ನಲ್ಲಿ. "ಈ ಗಿಟಾರ್ ಸರಿಯಿಲ್ಲ" ಎಂದು ಮೂಲೆಗೆ ಬಿದ್ದವುಗಳಲ್ಲಿ ಎಷ್ಟೋ ಗಿಟಾರ್‌ಗಳಿಗೆ ಆಗಬೇಕಿದ್ದುದು ಅದೊಂದೇ.

ಇಲ್ಲೇ ದೊಡ್ಡ ಗೊಂದಲವೂ ಇದೆ. ತಂತಿ ಎತ್ತರವಾಗಿದೆ ಎಂದು ಟ್ರಸ್ ರಾಡ್ ತಿರುಗಿಸುವವರಿದ್ದಾರೆ. ಕತ್ತಿನೊಳಗಿನ ಆ ಸರಳು ಇರುವುದು ಬಾಗು ಸರಿಪಡಿಸಲು ಮಾತ್ರ. ಒಂದು ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿಯಿರಿ. ಏಳನೇ ಫ್ರೆಟ್ ಹತ್ತಿರ ಸುಮಾರು 0.25 ಮಿ.ಮೀ. ಸಂದು ಕಾಣಬೇಕು. ತಿರುಗಿಸಲೇಬೇಕಾದರೆ ಒಮ್ಮೆಗೆ ಕಾಲು ಸುತ್ತು, ಅದಕ್ಕಿಂತ ಹೆಚ್ಚಲ್ಲ. ತಂತಿಯ ಎತ್ತರ ಹೊಂದಿಸುವುದು ಗಿಟಾರಿನ ಮೈಮೇಲಿರುವ ಬ್ರಿಡ್ಜ್‌ನಲ್ಲಿ, ಬಾಗು ಸರಿಯಾದ ಮೇಲೆ. ಸ್ಟ್ರಾಟ್ ಮಾದರಿಗೆ 17ನೇ ಫ್ರೆಟ್ ಮೇಲೆ 1.6 ಮಿ.ಮೀ. ಒಳ್ಳೆಯ ಆರಂಭ. ಆಮೇಲೆ ಇಂಟೊನೇಷನ್: 12ನೇ ಫ್ರೆಟ್‌ನಲ್ಲಿ ತಂತಿ ಮುಟ್ಟಿ ತೆಗೆದ ಹಾರ್ಮೋನಿಕ್‌ಗೂ ಅಲ್ಲೇ ಒತ್ತಿ ತೆಗೆದ ಸ್ವರಕ್ಕೂ ಟ್ಯೂನರ್‌ನಲ್ಲಿ ವ್ಯತ್ಯಾಸ ಇರಬಾರದು. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜ್‌ನಲ್ಲಿ ತಂತಿ ಕೂರುವ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಈ ಕ್ರಮ ತಪ್ಪಿಸಿದರೆ ಮಾಡಿದ್ದನ್ನೇ ಮತ್ತೆ ಮಾಡುತ್ತ ಕೂರಬೇಕಾಗುತ್ತದೆ.

ಮೊದಲ ಫ್ರೆಟ್‌ನಲ್ಲಿ ಒತ್ತಬೇಕಾದ ಎಫ್ ಕಾರ್ಡ್ ಹಿಡಿಯಲಾಗದೆ ಗಿಟಾರ್ ಬಿಟ್ಟವರು ಎಷ್ಟೋ ಮಂದಿ. ತಪ್ಪು ಯಾವಾಗಲೂ ಬೆರಳಿನದ್ದಲ್ಲ. ಕತ್ತಿನ ತಲೆಯ ಬಳಿ ಇರುವ ನಟ್‌ನ ಗೀರುಗಳನ್ನು ಸಾಕಷ್ಟು ಆಳ ಕೊರೆದಿರದಿದ್ದರೆ ಮೊದಲ ಫ್ರೆಟ್‌ನಲ್ಲಿ ಒತ್ತುವುದು ಯಾರಿಗಾದರೂ ಕಷ್ಟ, ಅಲ್ಲಿನ ಸ್ವರಗಳೂ ಶ್ರುತಿಗಿಂತ ಏರಿ ಕೇಳುತ್ತವೆ. ಬಿಗಿಯಾದ ಗೀರಿನಲ್ಲಿ ತಂತಿ ಸಿಕ್ಕಿಕೊಂಡು ಶ್ರುತಿ ಜಾರಿದರೆ ನಾವು ಬೈಯುವುದು ಬಿರಡೆಗಳನ್ನು. ನಟ್ ಉಜ್ಜುವುದು ಮಾತ್ರ ನುರಿತವರ ಕೆಲಸ. ಹೆಚ್ಚು ಉಜ್ಜಿದ್ದನ್ನು ಮರಳಿ ತುಂಬುವುದು ಸುಲಭವಲ್ಲ.

"ದೊಡ್ಡ ಆಂಪ್ ಬೇಕು." ಮನೆಗೆ ಬೇಡ. ಹೆಡ್‌ಫೋನ್ ಹಾಕಿ ನುಡಿಸಬಹುದಾದ ಸಣ್ಣದು ಸಾಕು. ಆದರೆ ಆಂಪ್‌ನ ಪ್ಲಗ್ಗಿನ ಮೂರನೇ ಪಿನ್, ಅಂದರೆ ಅರ್ಥ್ ಪಿನ್, ಮುರಿದು ಎರಡು ಪಿನ್ನಿನ ಸಾಕೆಟ್‌ಗೆ ತುರುಕಬೇಡಿ. ಗಿಟಾರಿನ ತಂತಿಗಳು ಬ್ರಿಡ್ಜ್ ಮೂಲಕ ಆಂಪ್‌ನ ಅರ್ಥ್‌ಗೆ ಸೇರಿರುತ್ತವೆ. ಸ್ಟೋನ್ ದ ಕ್ರೋಸ್ ರಾಕ್ ತಂಡದ ಗಿಟಾರಿಸ್ಟ್ ಲೆಸ್ ಹಾರ್ವೆ 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯ ವೇದಿಕೆಯ ಮೇಲೆ ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ಪ್ರಾಣ ಬಿಟ್ಟ.

ಅಂಗಡಿಗೆ ಹೋದಾಗ ಆರೂ ತಂತಿಗಳನ್ನು ಒಂದೊಂದು ಫ್ರೆಟ್‌ನಲ್ಲೂ ಒತ್ತಿ ಮೀಟಿ. ಎಲ್ಲಾದರೂ ಗುಂಯ್‌ಗುಟ್ಟಿದರೆ, ಸ್ವರ ಸತ್ತರೆ, ಅದೇ ಮಾದರಿಯ ಇನ್ನೊಂದನ್ನು ಕೇಳಿ. ಇರುವ ಹಣವೆಲ್ಲ ಗಿಟಾರಿಗೇ ಸುರಿಯದೆ, ಸೆಟಪ್‌ಗೆ ಮತ್ತು ಒಂದು ಜೊತೆ ಹೊಸ ತಂತಿಗೆ ಆಗುವಷ್ಟನ್ನು ಬದಿಗಿಟ್ಟುಕೊಳ್ಳಿ.